ಮೌಸ್ ಹಿಡಿದ ಹ್ಯಾನಿಬಲ್

ಆನೆಗಳು ತಿರುಗಿಬಿದ್ದಿವೆ!

ಶತ್ರುವಿನ ಸಾಲನ್ನು ತುಳಿದು ಚೆಲ್ಲಾಪಿಲ್ಲಿ ಮಾಡಲೆಂದು ಮುಂದೆ ಬಿಟ್ಟಿದ್ದ ಪಡೆ ಅದು. ಎದುರಿನಿಂದ ಬಂದ ಬೆಂಕಿಬಾಣಗಳಿಗೆ ಬೆದರಿ, ಸೊಂಡಿಲೆತ್ತಿ ಘೀಳಿಡುತ್ತ, ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತಿವೆ. ಹಿಂದೆ ನಿಂತಿರುವವರು ಸ್ವಂತ ಕಡೆಯ ಕಾಲಾಳುಗಳು. ಕಂಪ್ಯೂಟರಿನ ಮುಂದೆ ಕುಳಿತ ಆಟಗಾರನಿಗೆ ಯೋಚಿಸಲು ಉಳಿದಿರುವುದು ನಾಲ್ಕೈದು ಸೆಕೆಂಡು ಮಾತ್ರ. ತೆರೆಯ ಕೆಳಭಾಗದಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಮಾವುತರೇ ತಮ್ಮ ಆನೆಗಳನ್ನು ಕೊಂದುಬಿಡುತ್ತಾರೆ. ಒತ್ತದಿದ್ದರೆ ತನ್ನ ಸೈನ್ಯವೇ ಆನೆಗಳ ಕಾಲಡಿಗೆ ಸಿಕ್ಕುತ್ತದೆ.

ಆಟ ತಯಾರಿಸಿದವರ ಕ್ರೂರ ಕಲ್ಪನೆ ಇದು ಎಂದು ನೀವು ಭಾವಿಸಿದರೆ ತಪ್ಪು. ಕ್ರಿ.ಪೂ. 207ರಲ್ಲಿ ಇಟಲಿಯ ಮೆಟಾರಸ್ ನದಿಯ ಬಳಿ ನಡೆದ ಕಾಳಗದಲ್ಲಿ ಕಾರ್ಥೇಜ್ ಸೈನ್ಯದ ಮಾವುತರ ಬಳಿ ಒಂದು ಉಳಿ, ಒಂದು ಕೊಡತಿ ಇದ್ದವು. ಆನೆ ಹತೋಟಿ ತಪ್ಪಿದರೆ ಅದರ ತಲೆ ಮತ್ತು ಕತ್ತು ಸೇರುವಲ್ಲಿ ಉಳಿಯಿಟ್ಟು ಒಂದೇ ಏಟು ಹೊಡೆಯಬೇಕು. ಆ ದಿನ ಶತ್ರುಗಳಿಂದ ಸತ್ತ ಆನೆಗಳಿಗಿಂತ ಮಾವುತರ ಕೈಯಿಂದ ಸತ್ತ ಆನೆಗಳೇ ಹೆಚ್ಚು ಎಂದು ರೋಮಿನ ಇತಿಹಾಸಕಾರ ಲಿವಿ ಬರೆದಿದ್ದಾನೆ. ವರ್ಷಗಟ್ಟಲೆ ಮೇವು ಹಾಕಿ, ಮೈ ತೊಳೆದು ಸಾಕಿದವನೇ ಉಳಿ ಹಿಡಿಯಬೇಕಾದ ಆ ಗಳಿಗೆ, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಒಂದು ಆಟದ ಗುಂಡಿಯಾಗಿ ಕುಳಿತಿದೆ.

ಆ ಆಟದ ಹೆಸರು 'ರೋಮ್: ಟೋಟಲ್ ವಾರ್'. ಹೊರಬಂದದ್ದು 2004ರಲ್ಲಿ. ತಯಾರಿಸಿದ್ದು ಇಂಗ್ಲೆಂಡಿನ ಹಾರ್ಷಮ್ ಎಂಬ ಊರಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ. ಪ್ರಾಚೀನ ಯುದ್ಧವನ್ನು ಕುರಿತ ಕಂಪ್ಯೂಟರ್ ಆಟಗಳು ಹಲವು ಬಂದಿವೆ, ಬರುತ್ತಲೂ ಇವೆ. ಆದರೆ ಸಾವಿರಾರು ಸೈನಿಕರನ್ನು ಏಕಕಾಲಕ್ಕೆ ತೆರೆಯ ಮೇಲೆ ನಿಲ್ಲಿಸಿ, ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ನಡೆಯಿಸಿ, ಹೋರಾಡಿಸಿ, ಬೀಳಿಸಿದ ಆಟಗಳಲ್ಲಿ ಇದರ ಹೆಸರು ಮುಂಚೂಣಿಯದು. 2021ರಲ್ಲಿ ಇದರ ಚಿತ್ರಗಳನ್ನು ತಿದ್ದಿ ತೀಡಿ ಮತ್ತೆ ಹೊರತರಲಾಯಿತು. ಈಗ ಜೇಬಿನಲ್ಲಿರುವ ಫೋನಿನಲ್ಲೂ ಆಡಬಹುದು.

ಆಟದ ಕಾಲ ಕ್ರಿ.ಪೂ. 270ರಿಂದ ಕ್ರಿ.ಶ. 14ರವರೆಗೆ. ಇದಕ್ಕೆ ಎರಡು ಮಜಲು. ಮೊದಲನೆಯದು ಭೂಪಟ. ಅಲ್ಲಿ ಚದುರಂಗದಂತೆ ಸರದಿಯ ಮೇಲೆ ಆಟ. ಒಂದು ವರ್ಷಕ್ಕೆ ಎರಡು ಸರದಿ, ಬೇಸಿಗೆ ಒಂದು, ಚಳಿಗಾಲ ಒಂದು. ರಸ್ತೆ ಹಾಕಿಸುವುದು, ತೆರಿಗೆ ಎತ್ತುವುದು, ಸೈನಿಕರನ್ನು ಸೇರಿಸುವುದು, ನೆರೆಯ ರಾಜ್ಯದೊಡನೆ ಸಂಧಿ ಮಾಡಿಕೊಳ್ಳುವುದು ಎಲ್ಲವೂ ಇಲ್ಲೇ. ಎರಡು ಸೈನ್ಯಗಳು ಎದುರಾದಾಗ ಎರಡನೆಯ ಮಜಲು ತೆರೆದುಕೊಳ್ಳುತ್ತದೆ. ಬೆಟ್ಟ, ಬಯಲು, ಹೊಳೆ ಕಣ್ಣಮುಂದೆ ಹರಡಿಕೊಳ್ಳುತ್ತವೆ. ಇಲ್ಲಿ ಸರದಿ ಇಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ.

ಚದುರಂಗದ ಮಣೆಯಿಂದ

ಯುದ್ಧವನ್ನು ಆಟವಾಗಿಸುವ ಚಪಲ ಹೊಸತಲ್ಲ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವನ್ನೇ ಮಣೆಯ ಮೇಲೆ ಇಟ್ಟ ಚತುರಂಗ ಭಾರತದಲ್ಲಿ ಹುಟ್ಟಿ, ಪರ್ಷಿಯಾ ಹಾದು, ಅರಬರ ಕೈಸೇರಿ, ಯುರೋಪು ಮುಟ್ಟಿ ಇಂದಿನ ಚೆಸ್ ಆಯಿತು. ಆದರೆ ಚದುರಂಗದಲ್ಲಿ ಒಂದು ಕೊರತೆ ಇದೆ. ಅಲ್ಲಿ ಕಾಯಿ ಎಂದೂ ಹೆದರುವುದಿಲ್ಲ. ಕುದುರೆಗೆ ದಣಿವಿಲ್ಲ. ಕಡಿಯಲು ಹೋದ ಕಾಯಿ ಕಡಿದೇ ತೀರುತ್ತದೆ, ಗುರಿ ತಪ್ಪುವ ಪ್ರಶ್ನೆಯೇ ಇಲ್ಲ. ನಿಜವಾದ ಕಾಳಗ ಹಾಗಿರುವುದಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವನು ಪ್ರಷ್ಯಾದ ರೈಸ್‌ವಿಟ್ಜ್. ಬೆಟ್ಟ ಗುಡ್ಡಗಳನ್ನು ಜೋಡಿಸಬಹುದಾದ ಒಂದು ಮೇಜನ್ನು 1812ರಲ್ಲಿ ಆತ ದೊರೆಗೆ ಒಪ್ಪಿಸಿದ. ಅವನ ಮಗ, ಸೈನ್ಯಾಧಿಕಾರಿ, 1824ರಲ್ಲಿ ಅದನ್ನು ಸುಧಾರಿಸಿ ನಿಯಮಗಳ ಪುಸ್ತಕ ಪ್ರಕಟಿಸಿದ. ಮೇಜಿನ ಬದಲು ನಿಜವಾದ ನಕ್ಷೆ ಬಂತು. ಜೊತೆಗೆ ದಾಳ ಬಂತು. ಗುಂಡು ತಾಗಿತೋ ಇಲ್ಲವೋ, ಎಷ್ಟು ಮಂದಿ ಬಿದ್ದರು ಎಂಬುದನ್ನು ದಾಳ ಮತ್ತು ಕೋಷ್ಟಕಗಳು ಹೇಳುತ್ತಿದ್ದವು. 'ಕ್ರೀಗ್ಸ್‌ಶ್ಪೀಲ್', ಎಂದರೆ ಯುದ್ಧದಾಟ, ಎಂಬ ಹೆಸರಿನ ಇದು ಪ್ರಷ್ಯಾದ ಅಧಿಕಾರಿಗಳ ತರಬೇತಿಯ ಭಾಗವಾಯಿತು.

ಇಂದಿನ ಕಂಪ್ಯೂಟರ್ ಮಾಡುವುದೂ ಮೂಲದಲ್ಲಿ ಅದನ್ನೇ. ಆದರೆ ಕೋಷ್ಟಕ ನೋಡಿ, ದಾಳ ಉರುಳಿಸಿ, ಲೆಕ್ಕ ಹಾಕಲು ಅಂದಿನ ಅಧಿಕಾರಿಗಳಿಗೆ ನಿಮಿಷಗಳು ಬೇಕಾಗುತ್ತಿದ್ದರೆ, ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ದಾಳಗಳನ್ನು ಉರುಳಿಸುತ್ತದೆ. ತೆರೆಯ ಮೇಲೆ ಒಬ್ಬ ರೋಮನ್ ಸೈನಿಕ ಕತ್ತಿ ಬೀಸಿದಾಗ ಒಳಗೆ ನಡೆಯುವುದು ಸಂಖ್ಯೆಗಳ ಹೋಲಿಕೆ. ಅವನ ಆಕ್ರಮಣದ ಅಂಕ ಎಷ್ಟು, ಎದುರಾಳಿಯ ಗುರಾಣಿ, ಕವಚ, ಕೌಶಲದ ಅಂಕ ಎಷ್ಟು, ಏಟು ಮುಂದಿನಿಂದಲೋ ಬೆನ್ನಿಗೋ, ನಿಂತದ್ದು ಎತ್ತರದಲ್ಲೋ ತಗ್ಗಿನಲ್ಲೋ... ಎಲ್ಲವನ್ನೂ ಕೂಡಿ ಕಳೆದು ಒಂದು ಸಂಭವನೀಯತೆ ಸಿದ್ಧವಾಗುತ್ತದೆ. ಆಮೇಲೆ ದಾಳ. ಬಿದ್ದರೆ ಬಿದ್ದ, ಇಲ್ಲದಿದ್ದರೆ ಮತ್ತೊಂದು ಏಟು.

ಹೆದರಿಕೆಯೇ ದೊಡ್ಡ ಆಯುಧ

ಹೊಸದಾಗಿ ಆಡುವವನು ಮೊದಲು ಮಾಡುವ ತಪ್ಪು ಒಂದೇ. ಶತ್ರುವನ್ನು ಕಂಡೊಡನೆ ಇದ್ದಬದ್ದ ಸೈನ್ಯವನ್ನೆಲ್ಲ ನೇರವಾಗಿ ನುಗ್ಗಿಸುತ್ತಾನೆ. ಸೋಲುತ್ತಾನೆ. ಸೋತ ಮೇಲೆ ಅಂಕಿಗಳನ್ನು ನೋಡಿದರೆ ಬೆರಗಾಗುತ್ತಾನೆ. ಅರ್ಧಕ್ಕೂ ಹೆಚ್ಚು ಮಂದಿ ಇನ್ನೂ ಬದುಕಿರುವಾಗಲೇ ಅವನ ಸೈನ್ಯ ಓಡಿಹೋಗಿದೆ!

ಈ ಆಟದ ಜೀವಾಳ ಇರುವುದು ಇಲ್ಲೇ. ಪ್ರತಿಯೊಂದು ತುಕಡಿಗೂ ಧೈರ್ಯದ ಒಂದು ಅಂಕ ಇದೆ. ಸೇನಾನಿ ಹತ್ತಿರವಿದ್ದರೆ ಅದು ಏರುತ್ತದೆ. ಅವನು ಸತ್ತರೆ ಕುಸಿಯುತ್ತದೆ. ದಣಿದರೆ, ಪಕ್ಕದ ತುಕಡಿ ಓಡಿದರೆ, ಬೆನ್ನ ಹಿಂದೆ ಕುದುರೆಗಳು ಕಾಣಿಸಿಕೊಂಡರೆ ಇಳಿಯುತ್ತದೆ. ಒಂದು ಮಿತಿಗಿಂತ ಕೆಳಗಿಳಿದಾಗ ತುಕಡಿಯ ಬಾವುಟ ಬಿಳಿಯಾಗಿ ಮಿನುಗುತ್ತದೆ, ಸೈನಿಕರು ಬೆನ್ನು ತಿರುಗಿಸಿ ಓಡುತ್ತಾರೆ. ಓಡುವವನ ಕೈಯಲ್ಲಿ ಗುರಾಣಿ ಇದ್ದೂ ಪ್ರಯೋಜನವಿಲ್ಲ. ಅಟ್ಟಿಸಿಕೊಂಡು ಬರುವ ಕುದುರೆ ಸವಾರರಿಗೆ ಅವನು ಸುಲಭದ ತುತ್ತು.

ಪ್ರಾಚೀನ ಕಾಳಗಗಳ ವಿಷಯದಲ್ಲಿ ಇದು ದೊಡ್ಡ ಸತ್ಯ. ಸಾಲಿಗೆ ಸಾಲು ಎದುರಾಗಿ ನಿಂತು ಕಾದಾಡುವಾಗ ಸಾಯುತ್ತಿದ್ದವರು ಕಡಿಮೆ. ಒಂದು ಕಡೆಯ ಎದೆ ಒಡೆದು ಓಟ ಶುರುವಾದ ಮೇಲೆ ಕೊಲೆ ಶುರುವಾಗುತ್ತಿತ್ತು. ಆದ್ದರಿಂದಲೇ ಗೆದ್ದವರ ಕಡೆ ಸತ್ತವರು ನೂರುಗಳಲ್ಲಿದ್ದರೆ, ಸೋತವರ ಕಡೆ ಸಾವಿರಗಳಲ್ಲಿ. ಶಾಲೆಯ ಪಠ್ಯಪುಸ್ತಕ 'ಇಂತಹವನು ಇಂತಹವನನ್ನು ಸೋಲಿಸಿದನು' ಎಂದು ಒಂದು ಸಾಲಿನಲ್ಲಿ ಮುಗಿಸುವ ಸಂಗತಿಯ ಒಳಗುಟ್ಟನ್ನು ಆಟ ಹದಿನೈದು ನಿಮಿಷದಲ್ಲಿ ಮನದಟ್ಟು ಮಾಡಿಸುತ್ತದೆ.

ಲ್ಯಾಂಚೆಸ್ಟರ್ ಲೆಕ್ಕ

ಸಂಖ್ಯೆ ಹೆಚ್ಚಿದ್ದವರೇ ಗೆಲ್ಲಬೇಕಲ್ಲವೆ? ಈ ಪ್ರಶ್ನೆಗೆ ಗಣಿತದ ಉತ್ತರ ಹುಡುಕಿದವನು ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್. ಮೋಟಾರು ಕಾರುಗಳನ್ನು ತಯಾರಿಸಿ ಹೆಸರಾದವನು. ವಿಮಾನ ಯುದ್ಧವನ್ನು ಕುರಿತು 1916ರಲ್ಲಿ ಬಂದ ಅವನ ಪುಸ್ತಕದಲ್ಲಿ ಎರಡು ನಿಯಮಗಳಿವೆ.

ಒಂದು ಕಡೆ ನೂರು ಮಂದಿ, ಇನ್ನೊಂದು ಕಡೆ ಐವತ್ತು ಮಂದಿ ಇದ್ದಾರೆ ಎನ್ನಿ. ಕೌಶಲ, ಆಯುಧ ಎಲ್ಲ ಸಮ. ಕಿರಿದಾದ ಓಣಿಯಲ್ಲಿ ಕತ್ತಿ ಹಿಡಿದು ಒಬ್ಬರಿಗೊಬ್ಬರು ಎದುರಾದರೆ ಒಬ್ಬನಿಗೆ ಒಬ್ಬ ಬೀಳುತ್ತಾನೆ. ಐವತ್ತು ಮಂದಿ ಮುಗಿಯುವಾಗ ನೂರರಲ್ಲೂ ಐವತ್ತು ಮಂದಿ ಮುಗಿದಿರುತ್ತಾರೆ. ಉಳಿಯುವವರು ಐವತ್ತು. ಇದು ಸರಳ ನಿಯಮ.

ಈಗ ಅದೇ ಜನರ ಕೈಗೆ ದೂರದಿಂದ ಹೊಡೆಯುವ ಆಯುಧ ಕೊಡಿ, ಬಯಲಿನಲ್ಲಿ ನಿಲ್ಲಿಸಿ. ನೂರು ಮಂದಿ ಒಟ್ಟಿಗೆ ಐವತ್ತರ ಮೇಲೆ ಹೊಡೆಯುತ್ತಾರೆ. ಪ್ರತಿಯೊಂದು ಸುತ್ತಿನಲ್ಲೂ ಸಣ್ಣ ಗುಂಪು ಬೇಗ ಕರಗುತ್ತದೆ, ಕರಗಿದಷ್ಟೂ ಅದರ ಹೊಡೆತ ಕುಗ್ಗುತ್ತದೆ. ಇಲ್ಲಿ ಬಲವನ್ನು ಅಳೆಯಬೇಕಾದ್ದು ಸಂಖ್ಯೆಯಿಂದಲ್ಲ, ಸಂಖ್ಯೆಯ ವರ್ಗದಿಂದ. ನೂರರ ವರ್ಗ 10,000. ಐವತ್ತರ ವರ್ಗ 2,500. ಕಳೆದರೆ 7,500. ಅದರ ವರ್ಗಮೂಲ ಸುಮಾರು 87. ಎಂದರೆ ಐವತ್ತು ಮಂದಿಯನ್ನು ಪೂರ್ತಿ ಮುಗಿಸಿದ ಮೇಲೂ ದೊಡ್ಡ ಗುಂಪಿನಲ್ಲಿ 87 ಮಂದಿ ಉಳಿದಿರುತ್ತಾರೆ!

ಕತ್ತಿ, ಈಟಿಗಳ ಕಾಲದ ಯುದ್ಧ ಬಹುಮಟ್ಟಿಗೆ ಮೊದಲನೆಯ ನಿಯಮಕ್ಕೆ ಹತ್ತಿರ. ಒಟ್ಟು ಎಷ್ಟು ಮಂದಿ ಬಂದಿದ್ದಾರೆ ಎನ್ನುವುದಕ್ಕಿಂತ ಎಷ್ಟು ಮಂದಿಯ ಕತ್ತಿ ಶತ್ರುವಿಗೆ ಎಟುಕುತ್ತದೆ ಎನ್ನುವುದೇ ಮುಖ್ಯ. ಇದು ಅರ್ಥವಾದವನಿಗೆ ಕ್ಯಾನೆ ಅರ್ಥವಾದಂತೆ.

ಕ್ಯಾನೆಯ ಬಯಲು

ಕ್ರಿ.ಪೂ. 216, ಆಗಸ್ಟ್ 2. ದಕ್ಷಿಣ ಇಟಲಿಯ ಔಫಿಡಸ್ ನದಿಯ ದಂಡೆ. ಕಾರ್ಥೇಜಿನ ಸೇನಾನಿ ಹ್ಯಾನಿಬಲ್‌ನ ಬಳಿ ಸುಮಾರು 40,000 ಕಾಲಾಳು, 10,000 ಕುದುರೆ. ಎದುರಿಗೆ ರೋಮಿನ ಇಬ್ಬರು ಕಾನ್ಸಲ್‌ಗಳಾದ ವಾರೋ ಮತ್ತು ಪೌಲಸ್‌ರ ಕೈಕೆಳಗೆ 80,000 ಕಾಲಾಳು, 6,000 ಕುದುರೆ. ಇವು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಟ್ಟ ಅಂಕಿಗಳು. ರೋಮನ್ನರಲ್ಲಿ ಹತ್ತು ಸಾವಿರ ಮಂದಿ ಶಿಬಿರದಲ್ಲೇ ಉಳಿದರೂ ರಣರಂಗದಲ್ಲಿ ಎಪ್ಪತ್ತು ಸಾವಿರ ಕಾಲಾಳುಗಳಿದ್ದರು.

ಹ್ಯಾನಿಬಲ್ ತನ್ನ ಗಾಲ್ ಮತ್ತು ಸ್ಪೇನಿನ ಸೈನಿಕರನ್ನು ನಡುವೆ, ಶತ್ರುವಿನ ಕಡೆಗೆ ಉಬ್ಬಿದ ಅರ್ಧಚಂದ್ರದಂತೆ ನಿಲ್ಲಿಸಿದ. ಎರಡು ಬದಿಗಳಲ್ಲಿ ಪಳಗಿದ ಆಫ್ರಿಕನ್ ಪಡೆ. ತುದಿಗಳಲ್ಲಿ ಅಶ್ವದಳ. ರೋಮನ್ನರು ತಮ್ಮ ಸಾಲುಗಳನ್ನು ಎಂದಿಗಿಂತ ಒತ್ತಾಗಿ, ಆಳವಾಗಿ ಜೋಡಿಸಿಕೊಂಡು ನಡುಮಧ್ಯಕ್ಕೆ ನುಗ್ಗಿದರು. ಉಬ್ಬಿದ ಅರ್ಧಚಂದ್ರ ಸಪಾಟಾಯಿತು, ಆಮೇಲೆ ಒಳಕ್ಕೆ ಬಾಗಿತು. ಗೆಲ್ಲುತ್ತಿದ್ದೇವೆ ಎಂದುಕೊಂಡ ರೋಮನ್ನರು ಇನ್ನೂ ಒಳಕ್ಕೆ ನುಗ್ಗಿದರು. ಆಗ ಎರಡೂ ಬದಿಯ ಆಫ್ರಿಕನ್ನರು ಒಳಮುಖವಾಗಿ ತಿರುಗಿದರು. ಅಷ್ಟರಲ್ಲಿ ಹಾಸ್‌ಡ್ರುಬಲ್ ಎಂಬ ನಾಯಕ ರೋಮಿನ ಅಶ್ವದಳವನ್ನು ಚದುರಿಸಿ, ಸುತ್ತಿ ಬಂದು ಬೆನ್ನಿಗೆ ಬಿದ್ದ. ಬೋನಿನ ಬಾಗಿಲು ಮುಚ್ಚಿತು.

ಹಳ್ಳಿಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುವ ಹುಲಿ-ಕುರಿ ಆಟ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಹುಲಿಯನ್ನು ಅಲ್ಲಿ ಯಾರೂ ಕೊಲ್ಲುವುದಿಲ್ಲ. ಅದರ ಹಲ್ಲು ಉಗುರು ಎಲ್ಲ ಇದ್ದಂತೆಯೇ ಇರುತ್ತವೆ. ಅಲುಗಾಡಲು ಜಾಗ ಇಲ್ಲದಂತೆ ಮಾಡಿದರೆ ಸಾಕು, ಹುಲಿ ಸೋತಂತೆ. ಕ್ಯಾನೆಯಲ್ಲಿ ರೋಮನ್ನರಿಗೆ ಆದದ್ದು ಅದೇ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಸುತ್ತುವರಿದು ಒತ್ತಿದಾಗ ಒಬ್ಬೊಬ್ಬನಿಗೆ ಒಂದು ಚದರ ಮೀಟರ್ ಜಾಗ ಉಳಿಯಿತು ಎನ್ನೋಣ. 70,000 ಮಂದಿಗೆ 70,000 ಚದರ ಮೀಟರ್. ಅದನ್ನು ಒಂದು ಚೌಕ ಎಂದುಕೊಂಡರೆ ಬದಿಯ ಉದ್ದ ಸುಮಾರು 265 ಮೀಟರ್. ನಾಲ್ಕು ಬದಿ ಸೇರಿ ಸುತ್ತಳತೆ 1,060 ಮೀಟರ್. ಎಂದರೆ ಅಂಚಿನಲ್ಲಿ ನಿಂತು ಕತ್ತಿ ಬೀಸಬಲ್ಲವರು ಸಾವಿರದ ಚಿಲ್ಲರೆ ಮಂದಿ, ನೂರಕ್ಕೆ ಒಂದೂವರೆ! ಉಳಿದ ಅರವತ್ತೆಂಟು ಸಾವಿರಕ್ಕೂ ಹೆಚ್ಚು ಮಂದಿ ಬರಿದೇ ನಿಂತು ತಮ್ಮ ಸರದಿ ಕಾಯಬೇಕು. ಚೌಕ ದೊಡ್ಡದಾದಷ್ಟೂ ಅಂಚಿಗಿಂತ ಒಡಲೇ ಬೇಗ ಬೆಳೆಯುತ್ತದೆ. ಅಚ್ಚುಬೆಲ್ಲ ನಿಧಾನವಾಗಿ ಕರಗಿ, ಪುಡಿಬೆಲ್ಲ ಬೇಗ ಕರಗುವುದಕ್ಕೂ ಕಾರಣ ಇದೇ. ರೋಮಿನ ಸಂಖ್ಯಾಬಲ ಅಂದು ಬಲವಾಗಿ ಉಳಿಯಲಿಲ್ಲ, ಭಾರವಾಯಿತು.

ಸಂಜೆಯ ಹೊತ್ತಿಗೆ ಸತ್ತವರು ಪಾಲಿಬಿಯಸ್‌ನ ಪ್ರಕಾರ ಸುಮಾರು 70,000. ಲಿವಿಯ ಪ್ರಕಾರ 48,200. ಚಿಕ್ಕ ಸಂಖ್ಯೆಯನ್ನೇ ನಂಬಿದರೂ ಬಂದೂಕು ಬಾಂಬುಗಳಿಲ್ಲದ ಕಾಲದಲ್ಲಿ, ಒಂದೇ ಹಗಲಿನಲ್ಲಿ, ಕೈಯಿಂದಲೇ ಇರಿದು ಕೊಂದವರ ಲೆಕ್ಕ ಅದು. ಹ್ಯಾನಿಬಲ್ ಕಳೆದುಕೊಂಡದ್ದು 5,700 ಮಂದಿಯನ್ನು.

ಕಂಪ್ಯೂಟರಿನ ಮುಂದೆ ಕುಳಿತು ಕ್ಯಾನೆಯ ತಂತ್ರವನ್ನು ಮಾಡಿ ನೋಡದ ಆಟಗಾರ ಇಲ್ಲವೆಂದೇ ಹೇಳಬಹುದು. ಬಹಳ ಮಂದಿ ಮೊದಲ ಸಲ ಕೆಡಿಸಿಕೊಳ್ಳುತ್ತಾರೆ. ನಡುವಿನ ಸಾಲು ಬಾಗಬೇಕು, ಮುರಿಯಬಾರದು. ಕುದುರೆಗಳು ಒಂದು ನಿಮಿಷ ತಡವಾದರೂ ನಡು ಮುರಿದುಹೋಗುತ್ತದೆ, ಆಗ ಬಲೆಯೇ ಹರಿಯುತ್ತದೆ. ಐದಾರು ಸಲ ಸೋತ ಮೇಲೆ ಹ್ಯಾನಿಬಲ್‌ನ ಸಾಧನೆ ಎಷ್ಟು ಕಠಿಣದ್ದು ಎಂದು ತಿಳಿಯುತ್ತದೆ. ಇದೇ ಆಟದ ತಂತ್ರಾಂಶ ಬಳಸಿ ಬಿಬಿಸಿ 2003ರಿಂದ 'ಟೈಮ್ ಕಮಾಂಡರ್ಸ್' ಎಂಬ ಕಾರ್ಯಕ್ರಮವನ್ನೇ ನಡೆಸಿತು. ಸಾಮಾನ್ಯ ಜನರ ತಂಡಕ್ಕೆ ಹಳೆಯ ಕಾಳಗದ ಸೇನಾಪತ್ಯ ಕೊಟ್ಟು, ಇತಿಹಾಸ ತಿಳಿದವರು ಪಕ್ಕದಲ್ಲಿ ಕುಳಿತು ವಿವರಿಸುತ್ತಿದ್ದರು.

ಆನೆ ಹೋದ ದಾರಿ

ಮತ್ತೆ ಆನೆಗಳ ವಿಷಯಕ್ಕೆ ಬರೋಣ. ಆಟದಲ್ಲಿ ಸಾಮಾನ್ಯ ಸೈನಿಕನಿಗೆ ಒಂದೇ ಪ್ರಾಣ. ಆನೆಗೆ ಹಲವು. ಸೆಲ್ಯೂಸಿಡ್ ರಾಜ್ಯವನ್ನು ಆರಿಸಿಕೊಂಡ ಆಟಗಾರನಿಗೆ ಈ ಆನೆಗಳೇ ದೊಡ್ಡ ಆಸ್ತಿ. ಇದಕ್ಕೆ ಇತಿಹಾಸದ ಆಧಾರ ಇದೆ, ಆ ಆಧಾರ ಇರುವುದು ಭಾರತದಲ್ಲಿ.

ಅಲೆಕ್ಸಾಂಡರನ ದಳಪತಿಯಾಗಿದ್ದ ಸೆಲ್ಯೂಕಸ್ ಕ್ರಿ.ಪೂ. 303ರ ಸುಮಾರಿಗೆ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡ. ಸಿಂಧೂ ಆಚೆಯ ಪ್ರಾಂತಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದ. ಕ್ರಿ.ಪೂ. 301ರಲ್ಲಿ ಇಪ್ಸಸ್ ಕಾಳಗದಲ್ಲಿ ಈ ಆನೆಗಳು ಅಡ್ಡಗೋಡೆಯಂತೆ ನಿಂತು, ಎದುರಾಳಿಯ ಅಶ್ವದಳ ಮರಳಿ ಬರದಂತೆ ತಡೆದವು. ಆ ಕಾಳಗ ಅಲೆಕ್ಸಾಂಡರನ ಸಾಮ್ರಾಜ್ಯ ಮತ್ತೆ ಒಂದಾಗುವ ಆಸೆಯನ್ನು ಮುಗಿಸಿತು. ಆನೆಗಳನ್ನು ಕೊಟ್ಟ ಚಂದ್ರಗುಪ್ತ ಕೊನೆಗಾಲದಲ್ಲಿ ರಾಜ್ಯ ತೊರೆದು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಮಾಡಿದನೆಂದು ಜೈನ ಪರಂಪರೆ ಹೇಳುತ್ತದೆ.

ಆನೆಗೆ ಆನೆ ಎದುರಾದ ದೊಡ್ಡ ಕಾಳಗ ಕ್ರಿ.ಪೂ. 217ರ ರಫಿಯಾ. ಮೂರನೆಯ ಆಂಟಿಯೋಕಸ್‌ನ ಬಳಿ 102 ಭಾರತೀಯ ಆನೆಗಳು, ಈಜಿಪ್ಟಿನ ನಾಲ್ಕನೆಯ ಟಾಲೆಮಿಯ ಬಳಿ 73 ಆಫ್ರಿಕನ್ ಆನೆಗಳು. ಭಾರತದ ಆನೆಗಳ ಗಾತ್ರ, ವಾಸನೆ, ಘೀಂಕಾರಕ್ಕೆ ಹೆದರಿ ಆಫ್ರಿಕದ ಆನೆಗಳು ಹಿಂದೆಗೆದವು ಎನ್ನುತ್ತಾನೆ ಪಾಲಿಬಿಯಸ್. ಆಫ್ರಿಕದ ಬಯಲಾನೆ ಭಾರತದ ಆನೆಗಿಂತ ದೊಡ್ಡದು. ಆದ್ದರಿಂದ ಟಾಲೆಮಿಯ ಆನೆಗಳು ಚಿಕ್ಕ ಗಾತ್ರದ ಕಾಡಾನೆ ಜಾತಿಯವು ಇರಬೇಕೆಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಆದರೆ ಟಾಲೆಮಿಗಳು ಆನೆ ಹಿಡಿಸುತ್ತಿದ್ದ ಸೀಮೆಯಾದ ಎರಿಟ್ರಿಯಾದ ಆನೆಗಳ ಡಿಎನ್‌ಎಯನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಅವು ಬಯಲಾನೆಗಳೇ ಎಂದು ತೋರಿಸಿದರು. ಹಳೆಯ ಗ್ರಂಥದ ಒಂದು ವಾಕ್ಯವನ್ನು ಪ್ರಯೋಗಾಲಯ ಪ್ರಶ್ನಿಸುವ ಬಗೆ ಇದು.

ಆನೆಗಳ ಜಗಳದಲ್ಲಿ ಗೆದ್ದರೂ ಆಂಟಿಯೋಕಸ್ ಕಾಳಗದಲ್ಲಿ ಸೋತ. ತನ್ನ ಎದುರಿನ ಪಡೆಯನ್ನು ಚದುರಿಸಿದ ಉತ್ಸಾಹದಲ್ಲಿ ಅವರನ್ನು ಬಹುದೂರ ಅಟ್ಟಿಸಿಕೊಂಡು ಹೋದ. ತಿರುಗಿ ನೋಡುವಷ್ಟರಲ್ಲಿ ನಡುವಿನ ಸೈನ್ಯ ಮುರಿದಿತ್ತು. ಕುದುರೆಗಳನ್ನು ಹೀಗೆ ದೂರ ಓಡಿಸಿ, ನಡುವನ್ನು ಮರೆತು ಸೋಲದ ಆಟಗಾರ ಯಾರಿದ್ದಾನೆ?

ರಫಿಯಾ ಈ ಆಟದಲ್ಲಿ ಬೇರೆಯಾಗಿಯೇ ಆಡಬಹುದಾದ ಐತಿಹಾಸಿಕ ಕಾಳಗಗಳಲ್ಲಿ ಒಂದು. ನಕ್ಷೆ ತೆಗೆದು ಆ ಊರನ್ನು ಹುಡುಕಿದರೆ ಬೆರಳು ಗಾಜಾ ಪಟ್ಟಿಯ ದಕ್ಷಿಣದ ತುದಿಯಲ್ಲಿ ನಿಲ್ಲುತ್ತದೆ. ಇಂದಿನ ಹೆಸರು ರಫಾ. 2024ರ ಮೇ ತಿಂಗಳಲ್ಲಿ ಇಸ್ರೇಲಿನ ಸೈನ್ಯ ಒಳನುಗ್ಗಿದಾಗ, ಮನೆಮಾರು ಕಳೆದುಕೊಂಡ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಶ್ರಯ ಪಡೆದಿದ್ದ ಊರು ಅದೇ. ತೆರೆಯ ಮೇಲೆ ಖಾಲಿ ಮರಳುಬಯಲಾಗಿ ಕಾಣುವ ಜಾಗಕ್ಕೆ ಎರಡು ಸಾವಿರದ ಇನ್ನೂರು ವರ್ಷಗಳ ನಂತರವೂ ಸೈನ್ಯದ ಸದ್ದು ತಪ್ಪಿಲ್ಲ.

ಆಟದಲ್ಲಿ ಇಲ್ಲದ್ದು

ಆಟ ಎಷ್ಟೇ ಚೆನ್ನಾಗಿದ್ದರೂ ಅದು ಆಟವೇ. ಅಲ್ಲಿ ಒಂದು ಸೈನ್ಯದಲ್ಲಿ 20 ತುಕಡಿಗಳಿಗಿಂತ ಹೆಚ್ಚು ಇರುವಂತಿಲ್ಲ. ತುಕಡಿಗೆ 160 ಮಂದಿಯಂತೆ ಲೆಕ್ಕ ಹಿಡಿದರೂ 3,200 ಮಂದಿ. ಕ್ಯಾನೆಗೆ ಬಂದ ರೋಮನ್ ಸೈನ್ಯದ ಇಪ್ಪತ್ತೈದರಲ್ಲಿ ಒಂದು ಪಾಲೂ ಅಲ್ಲ. ಇತಿಹಾಸದ ತಪ್ಪುಗಳೂ ಇವೆ. ಟಾಲೆಮಿಗಳ ಈಜಿಪ್ಟ್ ಗ್ರೀಕ್ ಮಾದರಿಯ ಈಟಿ ಸೈನ್ಯವನ್ನು ಇಟ್ಟುಕೊಂಡಿತ್ತು. ಆಟದಲ್ಲಿ ಮಾತ್ರ ಅದಕ್ಕೂ ಸಾವಿರ ವರ್ಷ ಹಿಂದಿನ ಫೇರೋಗಳ ಕಾಲದ ರಥಗಳು ಓಡಾಡುತ್ತವೆ! ಇದನ್ನು ಸಹಿಸದ ಇತಿಹಾಸಪ್ರಿಯ ಆಟಗಾರರು ಗ್ರಂಥಗಳನ್ನು ಕೆದಕಿ, 'ಯುರೋಪಾ ಬಾರ್ಬರೋರಮ್' ಎಂಬ ತಿದ್ದುಪಡಿ ಆವೃತ್ತಿಯನ್ನು ತಾವೇ ತಯಾರಿಸಿ ಉಚಿತವಾಗಿ ಹಂಚಿದರು.

ದೊಡ್ಡ ಕೊರತೆ ಇದಲ್ಲ. ಆಟದಲ್ಲಿ ಯಾರಿಗೂ ಬಾಯಾರಿಕೆ ಆಗುವುದಿಲ್ಲ. ಹ್ಯಾನಿಬಲ್‌ನ ಸೈನ್ಯಕ್ಕೆ ಬೇಕಾದ ನೀರಿನ ಲೆಕ್ಕ ಹಾಕಿ. ಆಗಸ್ಟ್ ಬಿಸಿಲಿನಲ್ಲಿ ಕುದುರೆಗೆ ದಿನಕ್ಕೆ 30 ಲೀಟರ್ ಎಂದರೂ 10,000 ಕುದುರೆಗಳಿಗೆ ಮೂರು ಲಕ್ಷ ಲೀಟರ್. ಐವತ್ತು ಸಾವಿರ ಮಂದಿಗೆ ತಲಾ ಐದು ಲೀಟರಿನಂತೆ ಎರಡೂವರೆ ಲಕ್ಷ. ಹತ್ತು ಸಾವಿರ ಲೀಟರ್ ಹಿಡಿಯುವ ಟ್ಯಾಂಕರ್ ಲಾರಿಗಳಾದರೆ ದಿನಕ್ಕೆ 55 ಬೇಕು! ಎರಡೂ ಸೈನ್ಯಗಳು ನದಿಯ ದಂಡೆಗೆ ಅಂಟಿಕೊಂಡದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹ್ಯಾನಿಬಲ್ ಕ್ಯಾನೆಯನ್ನು ಹಿಡಿದದ್ದೂ ಅಲ್ಲಿ ರೋಮನ್ನರ ಧಾನ್ಯದ ಸಂಗ್ರಹ ಇತ್ತು ಎಂಬ ಕಾರಣಕ್ಕೇ.

ಆಟಗಾರ ಹದ್ದಿನಂತೆ ಮೇಲಿನಿಂದ ಇಡೀ ರಣರಂಗವನ್ನು ನೋಡಬಲ್ಲ. ಬೇಕಾದಾಗ ಕಾಲವನ್ನೇ ನಿಲ್ಲಿಸಿ ಚಹಾ ಕುಡಿದು ಬರಬಲ್ಲ. ಅಂದು ಕ್ಯಾನೆಯಲ್ಲಿ ಗಾಳಿ ರೋಮನ್ನರ ಮುಖಕ್ಕೆ ದೂಳು ತೂರುತ್ತಿತ್ತು ಎಂದು ಲಿವಿ ಬರೆಯುತ್ತಾನೆ. ನಡುವೆ ನಿಂತ ಸೈನಿಕನಿಗೆ ಸುತ್ತಲಿನ ಬೆನ್ನುಗಳ ಹೊರತು ಏನೂ ಕಾಣುತ್ತಿರಲಿಲ್ಲ. ಮಾರನೆಯ ಬೆಳಗ್ಗೆ ಬಯಲಿಗೆ ಬಂದವರು ಕಂಡದ್ದನ್ನೂ ಲಿವಿ ದಾಖಲಿಸಿದ್ದಾನೆ. ಗಾಯಾಳುಗಳಲ್ಲಿ ಕೆಲವರು ಕೈಯಿಂದ ಮಣ್ಣು ತೋಡಿ, ಗುಳಿಯಲ್ಲಿ ಮುಖ ಹೂತು, ಉಸಿರು ಕಟ್ಟಿ ಸತ್ತಿದ್ದರು.

ಆಟದಲ್ಲಿ ಮಾರನೆಯ ಬೆಳಗ್ಗೆ ಎಂಬುದೇ ಇಲ್ಲ.

ಲೆಕ್ಕ ಹಾಕುವವರು ಯಾರು?

ಹಾಗೆಂದು ಆಟವನ್ನು ಹಳಿಯಬೇಕೆ? ಅದರಲ್ಲಿರುವ ಒಂದು ಚಿಕ್ಕ ನಿಯಮವನ್ನು ಗಮನಿಸಬೇಕು. ಭೂಪಟದ ಮಜಲಿನಲ್ಲಿ ಒಂದು ಊರಿನಿಂದ ಒಂದು ತುಕಡಿ ಸೈನಿಕರನ್ನು ಸೇರಿಸಿಕೊಂಡರೆ, ಆ ಊರಿನ ಜನಸಂಖ್ಯೆಯಲ್ಲಿ ಅಷ್ಟು ಮಂದಿ ಕಡಿಮೆಯಾಗುತ್ತಾರೆ. ಮತ್ತೆ ಮತ್ತೆ ಸೈನ್ಯ ಎತ್ತಿದರೆ ಊರು ಬರಿದಾಗುತ್ತದೆ, ತೆರಿಗೆ ಇಳಿಯುತ್ತದೆ. ಸೈನಿಕ ಆಕಾಶದಿಂದ ಉದುರುವುದಿಲ್ಲ, ಯಾವುದೋ ಊರಿನ ಹೊಲದಿಂದ ಎದ್ದು ಬರುತ್ತಾನೆ ಎಂಬ ಮಾತನ್ನು ಈ ಆಟ ಮರೆತಿಲ್ಲ.

ಹ್ಯಾನಿಬಲ್ ಕ್ಯಾನೆಯಲ್ಲಿ ಗೆದ್ದೂ ಯುದ್ಧ ಸೋತದ್ದಕ್ಕೆ ಕಾರಣವೂ ಇಲ್ಲೇ ಇದೆ. ರೋಮ್ ಮತ್ತು ಅದರ ಮಿತ್ರರಲ್ಲಿ ಆಯುಧ ಹಿಡಿಯಬಲ್ಲವರು ಏಳು ಲಕ್ಷಕ್ಕೂ ಹೆಚ್ಚು ಎಂದು ಪಾಲಿಬಿಯಸ್ ಪಟ್ಟಿ ಕೊಟ್ಟಿದ್ದಾನೆ. ಕ್ಯಾನೆಯ ನಂತರ ರೋಮ್ ಹದಿನೇಳರ ಹುಡುಗರನ್ನೂ ಅದಕ್ಕಿಂತ ಚಿಕ್ಕವರನ್ನೂ ಸೈನ್ಯಕ್ಕೆ ಸೇರಿಸಿತು. ಎಂಟು ಸಾವಿರ ಗುಲಾಮರನ್ನು ಸರ್ಕಾರವೇ ಕೊಂಡು ಕೈಗೆ ಆಯುಧ ಕೊಟ್ಟಿತು. ಕ್ರಿ.ಪೂ. 202ರಲ್ಲಿ ಜಾಮಾ ಕಾಳಗದಲ್ಲಿ ಸಿಪಿಯೊ ತನ್ನ ಸಾಲುಗಳ ನಡುವೆ ಓಣಿಗಳನ್ನು ಬಿಟ್ಟು, ಹ್ಯಾನಿಬಲ್‌ನ 80 ಆನೆಗಳು ಸುಮ್ಮನೆ ಹಾದುಹೋಗುವಂತೆ ಮಾಡಿ ಗೆದ್ದ.

ಆದರೆ ಆ ಗೆಲುವಿನ ಬೆಲೆ? ಕ್ಯಾನೆಯ ವರ್ಷ ರೋಮಿನಲ್ಲಿ ಧಾನ್ಯದೇವತೆ ಸೆರೆಸ್‌ಳ ವಾರ್ಷಿಕ ಪೂಜೆ ನಿಂತುಹೋಯಿತು. ಆ ಪೂಜೆಯನ್ನು ಸೂತಕದಲ್ಲಿರುವವರು ಮಾಡುವಂತಿರಲಿಲ್ಲ. ಊರಿನಲ್ಲಿ ಸೂತಕವಿಲ್ಲದ ಗೃಹಿಣಿ ಒಬ್ಬಳೂ ಇರಲಿಲ್ಲ. ಅಳುವುದನ್ನು ಮೂವತ್ತು ದಿನಗಳಿಗೆ ಮುಗಿಸಬೇಕು ಎಂದು ಸೆನೆಟ್ ಆಜ್ಞೆ ಹೊರಡಿಸಬೇಕಾಯಿತು!

ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದ. ತವರದ ಸೈನಿಕರನ್ನಿಟ್ಟು ಮನೆಯ ನೆಲದ ಮೇಲೆ ಯುದ್ಧವಾಡುವ ನಿಯಮಗಳು ಅದರಲ್ಲಿವೆ. ನಾಲ್ಕಾರು ಸಲ ಈ ಆಟ ಆಡಿದವನಿಗೆ ನಿಜವಾದ ಯುದ್ಧ ಎಷ್ಟು ಎಡವಟ್ಟಿನ ಕೆಲಸ ಎಂದು ತಾನಾಗಿ ಹೊಳೆಯುತ್ತದೆ ಎಂಬುದು ಅವನ ವಾದವಾಗಿತ್ತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ತವರದ ಸೈನಿಕರೊಡನೆ ಆಡಿ ಬೆಳೆದ ಎಷ್ಟೋ ಹುಡುಗರು ಕಂದಕಗಳಲ್ಲಿ ಸತ್ತರು. ಆಟ ಯುದ್ಧವನ್ನು ತಡೆಯಲಿಲ್ಲ. ಯುದ್ಧಕ್ಕೆ ಕಾರಣವೂ ಆಗಲಿಲ್ಲ. ಆಟ ತೋರಿಸುವುದಷ್ಟೇ, ನೋಡಬೇಕಾದವನು ಆಡುವವನು.

ಪ್ರತಿ ಕಾಳಗ ಮುಗಿದ ಮೇಲೆ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಯಾವ ತುಕಡಿ ಎಷ್ಟು ಮಂದಿಯನ್ನು ಕೊಂದಿತು, ಎಷ್ಟು ಮಂದಿಯನ್ನು ಕಳೆದುಕೊಂಡಿತು ಎಂಬ ಲೆಕ್ಕ. ಆಟಗಾರ ಅದನ್ನು ಹೆಮ್ಮೆಯಿಂದ ನೋಡಿ ಮುಂದಿನ ಗುಂಡಿ ಒತ್ತುತ್ತಾನೆ. ಸೆಲ್ಯೂಕಸ್‌ಗೆ ಆನೆ ಕೊಟ್ಟ ಚಂದ್ರಗುಪ್ತನ ಮೊಮ್ಮಗ ಅಶೋಕನೂ ಇಂಥದೇ ಒಂದು ಪಟ್ಟಿಯನ್ನು ಬಂಡೆಯ ಮೇಲೆ ಬರೆಸಿದ. ಕಳಿಂಗದಲ್ಲಿ ಸೆರೆ ಹೋದವರು ಒಂದೂವರೆ ಲಕ್ಷ, ಸತ್ತವರು ಒಂದು ಲಕ್ಷ, ಆಮೇಲೆ ಸತ್ತವರು ಅದರ ಎಷ್ಟೋ ಪಟ್ಟು ಎಂದು ಅವನ ಹದಿಮೂರನೆಯ ಶಿಲಾಶಾಸನದಲ್ಲಿದೆ. ಗೆದ್ದವನೇ ಸತ್ತವರ ಲೆಕ್ಕ ಕೊಟ್ಟು, ಪಶ್ಚಾತ್ತಾಪ ಪಟ್ಟೆ ಎಂದು ಜಗತ್ತಿಗೆ ಸಾರಿದ ಅಪರೂಪದ ಪಟ್ಟಿ ಅದು.

ಎರಡು ಪಟ್ಟಿಗಳಲ್ಲೂ ಇರುವುದು ಅಂಕಿಗಳೇ. ಮೌಸ್ ಹಿಡಿದ ಹುಡುಗನಿಗೆ ಅವುಗಳ ನಡುವಿನ ವ್ಯತ್ಯಾಸ ತಿಳಿದರೆ, ಅವನು ಆಡಿದ ಆಟ ವ್ಯರ್ಥವಾಗಲಿಲ್ಲ.